50 ಸಿಗಾರ್ ಹಿಡಿಯುವ ಹ್ಯೂಮಿಡಾರ್: ಬದಿಯಡ್ಕದಲ್ಲಿ ಆರು ಮಳೆಗಾಲ ಕಳೆದ ಮೇಲೆ

ಹ್ಯೂಮಿಡಾರ್ ಅಂದರೆ ಸಿಗಾರ್ ಒಣಗದ ಹಾಗೆ, ಬೂಷ್ಟು ಹಿಡಿಯದ ಹಾಗೆ ಇಡುವ ಪೆಟ್ಟಿಗೆ. ನಾವು ಐದು ಜನ ಗೆಳೆಯರು ಸೇರಿ ಇದನ್ನು ತರಿಸಿದ್ದು 2019ರ ಅಕ್ಟೋಬರಿನಲ್ಲಿ. ಆನ್‌ಲೈನಿನಲ್ಲಿ ತಗೊಂಡದ್ದು, ಒಬ್ಬೊಬ್ಬರು 1,500 ರೂಪಾಯಿ ಹಾಕಿದೆವು. ಅಂದಿನಿಂದ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆಯಲ್ಲೇ ಉಂಟು. ಮೊದಲ ತಿಂಗಳು ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಎರಡನೇ ವರ್ಷ ಬರೆದಿದ್ದರೆ ಒಂದು. ಈಗ ನಾಲ್ಕು ಕೊಡುತ್ತೇನೆ.

ನಮ್ಮಲ್ಲಿ ಒಬ್ಬ ದುಬೈಯಲ್ಲಿದ್ದಾನೆ. ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಾನೆ. ವಿಮಾನದಲ್ಲಿ ಬರುವವರು ಸುಂಕ ಕಟ್ಟದೆ 25 ಸಿಗಾರ್ ತರಬಹುದು. ಅವನು ಸರಿಯಾಗಿ 25 ತರುತ್ತಾನೆ. ಮೊದಲೆಲ್ಲ ಅವನ ರಜೆ ಮುಗಿಯುವುದರೊಳಗೆ ನಾವೂ ಅದನ್ನು ಮುಗಿಸಬೇಕಿತ್ತು. ಉಳಿಸಿದರೆ ಹಾಳು. ಜೂನ್ ಬಂತೆಂದರೆ ನಮ್ಮ ಕಡೆ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ, ಅಲ್ವಾ? ಸಿಗಾರ್ ಅಂದರೆ ಒಳಗೂ ಹೊರಗೂ ಬರೀ ಎಲೆ. ಅದಕ್ಕೆ ಬಿಡುತ್ತದಾ?

ಪೆಟ್ಟಿಗೆ ನೋಡಲು ಚಂದ. ಒಳಗಡೆ ಸ್ಪ್ಯಾನಿಷ್ ಸೀಡರ್ ಹಲಗೆ. ಹೆಸರು ಹಾಗಿದ್ದರೂ ಅದು ಸ್ಪೇನಿನದ್ದೂ ಅಲ್ಲ, ದೇವದಾರು ಜಾತಿಯದ್ದೂ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರ, ನಮ್ಮ ಬೇವು, ಮಹಾಗನಿಗಳ ಕುಟುಂಬದ್ದು. ಮುಚ್ಚಳ ತೆಗೆದ ಕೂಡಲೇ ಬರುವ ಆ ಪರಿಮಳ ಆರು ವರ್ಷವಾದರೂ ಕಡಿಮೆ ಆಗಿಲ್ಲ. ಹೊರಗಿನದ್ದು ಮಾತ್ರ ಮರದ ಹುಡಿ ಒತ್ತಿ ಮಾಡಿದ ಹಲಗೆ, ಮೇಲೆ ಪಾಲಿಶ್. ಇದು ನಮಗೆ ಗೊತ್ತಾದದ್ದು ತಡವಾಗಿ.

ಹೊಸ ಪೆಟ್ಟಿಗೆಗೆ ಮೊದಲು ನೀರು ಕುಡಿಸಬೇಕು, ಇಲ್ಲದಿದ್ದರೆ ಒಣ ಹಲಗೆ ಸಿಗಾರಿನ ತೇವವನ್ನೇ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಬಂಕಿನಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು, ಒಂದು ಗಿಂಡಿಯಲ್ಲಿ ಒಳಗಿಟ್ಟು ಎರಡು ವಾರ ಮುಚ್ಚಿದೆವು. ಜೊತೆಗೆ ಬಂದಿದ್ದ, ತೇವ ಅಳೆಯುವ ಮುಳ್ಳಿನ ಮೀಟರ್ ಸರಿ ಉಂಟಾ ನೋಡಲು ಉಪ್ಪಿನ ಪರೀಕ್ಷೆ ಮಾಡಿದೆವು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಗಂಜಿಯ ಹಾಗೆ ಆಗುವಷ್ಟೇ ನೀರು ಬಿಟ್ಟು, ಮೀಟರಿನ ಜೊತೆ ಜಿಪ್ ಕವರಿನಲ್ಲಿ ಒಂದು ದಿನ ಇಡುವುದು. 75 ತೋರಿಸಬೇಕು. ನಮ್ಮದು 66 ತೋರಿಸಿತು. ಅದನ್ನು ತೆಗೆದಿಟ್ಟು ಬೇರೆ ಡಿಜಿಟಲ್ ಮೀಟರ್ ತಗೊಂಡೆವು. ನೀವೂ ಪೆಟ್ಟಿಗೆ ತಗೊಂಡರೆ ಮೊದಲು ಇದನ್ನು ಮಾಡಿ.

ಸಿಗಾರಿಗೆ ಬೇಕಾದ ತೇವ ನೂರಕ್ಕೆ 65ರಿಂದ 70. ಒಣ ಹವೆಯ ದೇಶದಲ್ಲಿ ಪೆಟ್ಟಿಗೆಯ ಕೆಲಸ ಒಳಗೆ ತೇವ ಕೊಡುವುದು. ನಮ್ಮಲ್ಲಿ ಜೂನಿನಿಂದ ಅಕ್ಟೋಬರ್ ತನಕ ಕೆಲಸ ಉಲ್ಟಾ, ಹೊರಗಿನ ತೇವ ಒಳಗೆ ಬಾರದಂತೆ ತಡೆಯಬೇಕು. ಮಾರಿದವರು ಕೊಟ್ಟ ಚೀಟಿಯಲ್ಲಿ ವಾರಕ್ಕೊಮ್ಮೆ ಪೆಟ್ಟಿಗೆಯೊಳಗಿನ ಸ್ಪಾಂಜಿಗೆ ನೀರು ಹಾಕಿ ಅಂತ ಬರೆದಿತ್ತು. ನಾವು 2020ರ ಜುಲೈಯಲ್ಲೂ ಹಾಗೆಯೇ ಮಾಡಿದೆವು.

ನನ್ನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ನಮ್ಮ ಫೀಸು, ಪುಸ್ತಕ ಎಲ್ಲ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ದುಡ್ಡಿನಲ್ಲೇ. ಆ ಜುಲೈಯಲ್ಲಿ ಒಂದು ಸಂಜೆ ನಾನು ಪೆಟ್ಟಿಗೆ ತೆಗೆದಾಗ ಅಮ್ಮ ಹತ್ತಿರ ಬಂದು ಒಂದು ಸಿಗಾರ್ ಎತ್ತಿಕೊಂಡರು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಬುಡದಿಂದ ತುದಿ ತನಕ ಮೆಲ್ಲ ಒತ್ತಿಕೊಂಡು ಹೋದರು. ಬೀಡಿಯಲ್ಲಿ ಹುಡಿ ಕಡಿಮೆ ಉಂಟಾ ನೋಡುತ್ತಿದ್ದ ಅದೇ ಕೈ. "ಇದು ಥಂಡಿ ಎಳೆದಿದೆ ಮಗಾ, ಸರಿ ಉರಿಯುವುದಿಲ್ಲ" ಅಂದರು. ಹಾಗೆಯೇ ಆಯ್ತು. ಒಂದು ಬದಿ ಉರಿದು ಇನ್ನೊಂದು ಬದಿ ಹಾಗೇ ನಿಂತಿತು, ಬಾಯಿ ಕಹಿ, ಅರ್ಧಕ್ಕೆ ಮೇಲಿನ ಎಲೆ ಒಡೆಯಿತು. ಅಂದಿನಿಂದ ನಾನು ಮೀಟರ್ ನೋಡಿದ ಮೇಲೂ ಒಮ್ಮೆ ಕೈಯಲ್ಲಿ ಒತ್ತಿ ನೋಡುತ್ತೇನೆ. ಒತ್ತಿದರೆ ಚೂರು ತಗ್ಗಿ, ಬಿಟ್ಟ ಕೂಡಲೇ ಮೇಲೆ ಬರಬೇಕು.

ಸ್ಪಾಂಜ್ ತೆಗೆದು ಬೊವೆಡಾ ಪ್ಯಾಕ್ ಹಾಕಿದೆವು. ತೇವ ಕಡಿಮೆಯಾದರೆ ಕೊಡುತ್ತದೆ, ಜಾಸ್ತಿಯಾದರೆ ಎಳೆದುಕೊಳ್ಳುತ್ತದೆ. 60 ಗ್ರಾಮಿನ ಒಂದು ಪ್ಯಾಕ್ 25 ಸಿಗಾರಿಗೆ ಸಾಕು. ಬೇಸಿಗೆಯಲ್ಲಿ ತೇವವನ್ನು ನೂರಕ್ಕೆ 69ರಲ್ಲಿ ನಿಲ್ಲಿಸುವುದನ್ನು, ಮಳೆಗಾಲದಲ್ಲಿ 62ರದ್ದನ್ನು ಇಡುತ್ತೇನೆ. ಖರ್ಚು ಇರುವುದು ಇದರಲ್ಲೇ. ಬೇಸಿಗೆಯಲ್ಲಿ ಒಣಗಿ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಮಳೆ ಜೋರಿರುವ ಆಟಿ ತಿಂಗಳಿನಲ್ಲಿ ಉಬ್ಬಿ ದಿಂಬಿನ ಹಾಗೆ ಆಗುತ್ತದೆ, ಮತ್ತೆ ಅದರಿಂದ ಪ್ರಯೋಜನ ಇಲ್ಲ.

ಎರಡನೇ ಮಳೆಗಾಲದಲ್ಲಿ ಹೊರಗಿನ ಹಲಗೆ ಊದಿತು. ಮುಚ್ಚಳದ ಬಲಬದಿ ಎದ್ದು ನಿಂತಿತು. ಕಾಗದದ ಚೂರು ಇಟ್ಟು ಮುಚ್ಚಿ ಎಳೆದರೆ ಸುಮ್ನೆ ಬಂದುಬಿಡುತ್ತಿತ್ತು. ಅದು ಬಿಗಿಯಾಗಿ ನಿಲ್ಲಬೇಕು. ಮಾರಿದವರಿಗೆ ಫೋಟೋ ಕಳಿಸಿದೆ. ಒಣ ಜಾಗದಲ್ಲಿ ಇಡಿ ಅಂತ ಒಂದು ಸಾಲಿನ ಉತ್ತರ ಬಂತು. ನಮ್ಮ ಮನೆಯಲ್ಲಿ ಮಳೆಗಾಲದಲ್ಲೂ ಒಣ ಇರುವುದು ಅಡುಗೆ ಕೋಣೆಯ ಮೇಲಿನ ಅಟ್ಟ. ಅಲ್ಲಿಟ್ಟೆ. ದೊಡ್ಡ ತಪ್ಪು ಅದು. ಮಾರ್ಚ್ ತನಕ ಅಲ್ಲೇ ಬಿಟ್ಟದ್ದು ಇನ್ನೂ ದೊಡ್ಡ ತಪ್ಪು.

ಹೊಗೆಸೊಪ್ಪಿನಲ್ಲಿ ಕಣ್ಣಿಗೆ ಕಾಣದ ಹುಳದ ಮೊಟ್ಟೆ ಇರಬಹುದು. ಬಿಸಿ ಏರಿದರೆ ಹುಳ ಹೊರಗೆ ಬರುತ್ತದೆ. ಒಣ ಶುಂಠಿ, ಕೊತ್ತಂಬರಿ, ಅರಶಿನ ತಿನ್ನುವ ಅದೇ ಸಣ್ಣ ಕಂದು ಬಣ್ಣದ ಕುಟ್ಟೆ ಹುಳ. ಪೆಟ್ಟಿಗೆ ತೆಗೆದಾಗ ತಟ್ಟೆಯಲ್ಲಿ ನಶ್ಯದ ಹಾಗೆ ಹುಡಿ. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಸೂಜಿ ಚುಚ್ಚಿದ ಹಾಗೆ ಮೂರು ತೂತು. ಒಟ್ಟು 11 ಹೋಯಿತು. ದುಬೈಯವನಿಗೆ ಫೋನ್ ಮಾಡಿ ಹೇಳಲು ಎರಡು ದಿನ ಬೇಕಾಯ್ತು ನನಗೆ. "ಹೋಗ್ಲಿ ಬಿಡು ಮಾರಾಯ, ಪೆಟ್ಟಿಗೆ ಸರಿ ಮಾಡಿಸು" ಅಂದ. ಈಗ ತಂದದ್ದನ್ನೆಲ್ಲ ಎರಡು ಜಿಪ್ ಕವರಿನಲ್ಲಿ ಹಾಕಿ ಮೂರು ದಿನ ಫ್ರೀಜರಿನಲ್ಲಿ, ಮತ್ತೆ ಒಂದು ದಿನ ಕೆಳಗೆ ಫ್ರಿಜ್ಜಿನಲ್ಲಿ ಇಟ್ಟು, ಆಮೇಲೆ ಪೆಟ್ಟಿಗೆಗೆ ಹಾಕುವುದು. ಪೆಟ್ಟಿಗೆ ಬಡಗು ದಿಕ್ಕಿನ ಕೋಣೆಯಲ್ಲಿ, ಗೋಡೆಗೆ ತಾಗದ ಹಾಗೆ ಮೇಜಿನ ಮೇಲೆ ಉಂಟು.

ಮುಚ್ಚಳ ಸರಿ ಮಾಡಿದ್ದು ನಮ್ಮ ಊರಿನ ಆಚಾರಿ. ಊದಿದ ಅಂಚು ಕೀಸಿ ತೆಗೆದು, ಸುತ್ತ ತೆಳು ಹಲಸಿನ ಪಟ್ಟಿ ಕೂರಿಸಿ, ತಳಕ್ಕೆ ನಾಲ್ಕು ಕಾಲು ಇಟ್ಟುಕೊಟ್ಟರು. 600 ರೂಪಾಯಿ ತಗೊಂಡರು. ಆಮೇಲೆ ಇವತ್ತಿನ ತನಕ ಮುಚ್ಚಳ ಬಿಗಿ. ನಾಲ್ಕು ನಕ್ಷತ್ರದಲ್ಲಿ ಒಂದು ಆಚಾರಿಯದ್ದು.

ಒಂದು ವಿಷಯಕ್ಕೆ ಮಾತ್ರ ಈ ಪೆಟ್ಟಿಗೆಯ ಋಣ ನನಗೆ ಯಾವಾಗಲೂ ಉಂಟು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಹಾಕಿ ಕೇರಳ-ಕರ್ನಾಟಕ ಗಡಿ ಮುಚ್ಚಿದರಲ್ಲ, ಆಗ ನಮ್ಮ ಒಬ್ಬ ಗೆಳೆಯ ಮಂಗಳೂರಿನಲ್ಲಿ ಉಳಿದ. ಎರಡು ತಿಂಗಳಿಗೊಮ್ಮೆ ಶನಿವಾರ ಅಂಗಳದಲ್ಲಿ ಕೂರುವುದು ನಮ್ಮ ಪದ್ಧತಿ. ಒಬ್ಬರಿಗೆ ಒಂದೇ. ಅವನ ಪಾಲಿನದ್ದಕ್ಕೆ ಕಾಗದದ ಪಟ್ಟಿ ಸುತ್ತಿ, ತಾರೀಕು ಬರೆದು ಮೂಲೆಯಲ್ಲಿ ಇಡುತ್ತಾ ಬಂದೆ. ಮಳೆಗಾಲ ಕಳೆದು ಅವನು ಬಂದಾಗ ಮೂರು ಸಿಗಾರ್ ಆಗಿತ್ತು. ಸ್ಪಾಂಜಿನ ಥಂಡಿ ಬಿಟ್ಟು ಅಷ್ಟರಲ್ಲಿ ಹದಕ್ಕೆ ಬಂದಿದ್ದವು. ಅವನು ಒಂದನ್ನು ಹಚ್ಚಿ, ಉಳಿದೆರಡನ್ನು ನಮ್ಮ ಗುಂಪಿನ ಮೇಷ್ಟ್ರಿಗೆ ಮತ್ತು ನನಗೆ ಕೊಟ್ಟ. ಸಿಗಾರಿನ ಹೊಗೆ ಒಳಗೆ ಎಳೆಯುವುದಿಲ್ಲ, ಬಾಯಲ್ಲಿ ಇಟ್ಟು ಬಿಡುವುದು. ಗಿಡ್ಡದು ಐದು ಇಂಚಿನದ್ದಾದರೂ ಮುಕ್ಕಾಲು ಗಂಟೆ ಬೇಕು. ಆ ದಿನ ನಾವು ಎದ್ದಾಗ ರಾತ್ರಿ ಹನ್ನೊಂದು.

ಹೊಗೆ ಒಳಗೆ ಎಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ಮೇಷ್ಟ್ರು ಬಿ.ಪಿ. ಬಂದ ಮೇಲೆ ಪೂರ್ತಿ ಬಿಟ್ಟರು. ಆದರೂ ಶನಿವಾರ ತಪ್ಪಿಸುವುದಿಲ್ಲ, ನಮಗಿಂತ ಗಾಳಿಯ ಆಚೆ ಬದಿ ಕುರ್ಚಿ ಹಾಕಿ ಚಾ ಕುಡಿಯುತ್ತಾರೆ.

ತಿರುಚ್ಚಿಯ ಉರೈಯೂರಿನ ಚುಟ್ಟಾ ಒಂದು ಕಟ್ಟು ಸಿಕ್ಕಿತ್ತು, ದಿಂಡಿಗಲ್ ಹೊಗೆಸೊಪ್ಪಿನದ್ದು. ತಮಿಳಿನ ಸುರುಟ್ಟು, ನಮ್ಮ ಸುರುಟುವುದು, ಎರಡೂ ಒಂದೇ ಬೇರಿನ ಮಾತು. ಇಂಗ್ಲಿಷಿನವರ ಚೆರೂಟ್ ಬಂದದ್ದೂ ಅಲ್ಲಿಂದಲೇ. ಖಾರ ಜಾಸ್ತಿ, ನನಗೆ ಇಷ್ಟವಾಯ್ತು. ಆದರೆ ಅದನ್ನು ಇದೇ ಪೆಟ್ಟಿಗೆಯಲ್ಲಿ ಬಿಡಿಯಾಗಿ ಇಡಬೇಡಿ. ಒಂದೇ ವಾರದಲ್ಲಿ ಉಳಿದವಕ್ಕೂ ಅದರ ವಾಸನೆ ಹತ್ತಿತು. ಬೇರೆ ಡಬ್ಬಿ ಬೇಕು.

ನೀವು ಒಬ್ಬರೇ, ಐದಾರು ಸಿಗಾರ್ ಇಡುವವರಾದರೆ ಈ ಪೆಟ್ಟಿಗೆ ಬೇಡ. ಗಾಳಿ ಹೋಗದ ಒಳ್ಳೆ ಪ್ಲಾಸ್ಟಿಕ್ ಡಬ್ಬಿ, ಒಂದು ಬೊವೆಡಾ ಪ್ಯಾಕ್ ಸಾಕು. ನಮ್ಮ ಮಳೆಗೆ ಅದೇ ಜಾಸ್ತಿ ಭದ್ರ. ನಾಲ್ಕೈದು ಜನ ಸೇರುವವರಾದರೆ ತಗೊಳ್ಳಿ, ಹೊರಗಡೆಯೂ ಗಟ್ಟಿ ಮರ ಇರುವುದನ್ನೇ ಕೇಳಿ. ಈಗ ನಮ್ಮದರಲ್ಲಿ ಒಂಬತ್ತು ಉಂಟು. ದುಬೈಯವನು ಬರುವ ಶುಕ್ರವಾರ ಇಳಿಯುತ್ತಾನೆ. ಮೇಲಿನ ತಟ್ಟೆ ಒರೆಸಿ ಖಾಲಿ ಇಟ್ಟಿದ್ದೇನೆ, ಫ್ರೀಜರಿನಲ್ಲಿ ಅಮ್ಮ ಜಾಗ ಮಾಡಿಕೊಟ್ಟಿದ್ದಾರೆ.