ಪ್ರಮೀಥಿಯಸ್ ಬ್ಲೂ-ರೇ ಸೆಟ್: ಉದ್ದದ ಸಿನಿಮಾ ಇಲ್ಲ, ತುಣುಕುಗಳಿವೆ

ಸರಸ್ವತಿಪುರಂನ ನಮ್ಮ ಮನೆಯಲ್ಲಿ ಬ್ಲೂ-ರೇ ಪ್ಲೇಯರ್ ಇನ್ನೂ ಓಡುತ್ತಿದೆ. ಅದಕ್ಕೇ ಅಂತ ರಿಡ್ಲಿ ಸ್ಕಾಟ್ ನಿರ್ದೇಶನದ ಸೈನ್ಸ್ ಫಿಕ್ಷನ್ ಸಿನಿಮಾ ‘ಪ್ರಮೀಥಿಯಸ್’ನ ನಾಲ್ಕು ಡಿಸ್ಕಿನ ಸೆಟ್ ಸೆಕೆಂಡ್ ಹ್ಯಾಂಡ್ ಕೊಂಡೆ. ಮಾರಿದವನು ‘ಎಕ್ಸ್‌ಟೆಂಡೆಡ್ ಕಟ್ ಇದೆ ಸಾರ್’ ಅಂದಿದ್ದ, ಅಂದರೆ ಬಿಟ್ಟ ದೃಶ್ಯಗಳನ್ನೂ ಸೇರಿಸಿದ ಉದ್ದದ ಸಿನಿಮಾ. ಎಲ್ಲಿದೆ? ಸಿನಿಮಾ ಅದೇ 124 ನಿಮಿಷ. ಕತ್ತರಿಸಿದ ದೃಶ್ಯಗಳನ್ನು ಬೇರೆಯಾಗಿ ಇಟ್ಟಿದ್ದಾರೆ, ಅಷ್ಟೇ.

2012ರಲ್ಲಿ ಇದನ್ನು ನೋಡಿ ಬಂದ ರಾತ್ರಿ ನಾವು ಮೂವರು ಟೀ ಅಂಗಡಿ ಮುಂದೆ ನಿಂತು ಜಗಳವಾಡಿದ್ದೆವು. 1979ರ ‘ಏಲಿಯನ್’ನಲ್ಲಿ ಕುರ್ಚಿಯಲ್ಲೇ ಸತ್ತು ಕೂತಿದ್ದ ಆ ದೈತ್ಯ ಯಾರು? ‘ಪ್ರಮೀಥಿಯಸ್’ ಅದರ ಹಿಂದಿನ ಕಥೆ, ಉತ್ತರ ಸಿಗುತ್ತೆ ಅಂತ ಹೋದವರು ನಾವು. ನೋಡಿದರೆ ಜಾಗವೇ ಬೇರೆ! ಅದು ಎಲ್‌ವಿ-426 ಅನ್ನೋ ಲೋಕ, ಇದು ಎಲ್‌ವಿ-223 ಅನ್ನೋ ಇನ್ನೊಂದು ಲೋಕ.

ಬಿಟ್ಟ ದೃಶ್ಯಗಳಲ್ಲಿ ಒಂದಂತೂ ದುಡ್ಡು ವಸೂಲಿ. ನಿದ್ದೆಯಿಂದ ಎದ್ದ ‘ಎಂಜಿನಿಯರ್’ (ಆ ದೈತ್ಯರ ಜಾತಿಯವನು) ಇಲ್ಲಿ ಮಾತಾಡುತ್ತಾನೆ. ಥಿಯೇಟರಿನಲ್ಲಿ ಒಂದಕ್ಷರ ಆಡದೆ ಸುಮ್ನೆ ಮನುಷ್ಯರೂಪದ ರೋಬೊ ಡೇವಿಡ್‌ನ ತಲೆ ಕಿತ್ತಿದ್ದ. ಇದನ್ನು ಉಳಿಸಿದ್ದರೆ ಆ ಸಿಟ್ಟಿಗೊಂದು ಕಾರಣ ಕಾಣುತ್ತಿತ್ತು, ಅಲ್ವಾ?

ಹಾಗಂತ ಉದ್ದ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂತಲ್ಲ. ರಿಡ್ಲಿ ಸ್ಕಾಟ್ 2003ರಲ್ಲಿ ‘ಏಲಿಯನ್’ಗೆ ಡೈರೆಕ್ಟರ್ಸ್ ಕಟ್ (ನಿರ್ದೇಶಕರೇ ಮತ್ತೆ ಎಡಿಟ್ ಮಾಡಿದ ಆವೃತ್ತಿ) ಮಾಡಿದಾಗ ಅದು ಮೊದಲಿಗಿಂತ ಒಂದು ನಿಮಿಷ ಕಮ್ಮಿಯೇ ಆಯಿತು. ಅವರದ್ದೇ ‘ಕಿಂಗ್‌ಡಮ್ ಆಫ್ ಹೆವನ್’ ಮಾತ್ರ ಉದ್ದವಾಗಿ ಉದ್ಧಾರವಾಯಿತು.

ಮೇಕಿಂಗ್ ಡಾಕ್ಯುಮೆಂಟರಿ ಮೂರೂವರೆ ಗಂಟೆಗೂ ಜಾಸ್ತಿ. ಎರಡು ಭಾನುವಾರ ಹಿಡಿಯಿತು. ಸಿನಿಮಾಗಿಂತ ನನಗೆ ಅದೇ ಇಷ್ಟ. ಆ ಡಿಸ್ಕಿನಲ್ಲಿ ಒಂದು ಗೀರಿತ್ತು, ಹಳೇ ಬನಿಯನ್ನಿನಲ್ಲಿ ಒರೆಸಿದ ಮೇಲೆ ಓಡಿತು.