ಚಿಕ್ಕಮಗಳೂರಿನ ಆಕಾಶಕ್ಕೆ ಸೀಸ್ಟಾರ್ ಎಸ್50: ಕ್ಷುದ್ರಗ್ರಹ ಹಿಡಿಯಲು ಸೈ, ನೆತ್ತಿಯ ಮೇಲೆ ಮಾತ್ರ ಬೇಡ

ಜೆಡ್‌ಡಬ್ಲ್ಯುಓ ಕಂಪನಿಯ ಸೀಸ್ಟಾರ್ ಎಸ್50 ಕೊಳ್ಳುವವರಲ್ಲಿ ಹೆಚ್ಚಿನವರು ನೀಹಾರಿಕೆಗಳ ಬಣ್ಣದ ಚಿತ್ರ ನೋಡಿ ಮರುಳಾದವರು. ಕ್ಷುದ್ರಗ್ರಹ, ಧೂಮಕೇತುಗಳ ಬೆನ್ನು ಹತ್ತುವವರಿಗೆ ಈ ಸ್ಮಾರ್ಟ್ ಟೆಲಿಸ್ಕೋಪ್ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದರೆ ಹಾಸನ, ಚಿಕ್ಕಮಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಯುರೋಪು, ಅಮೆರಿಕದವರು ಬರೆದ ಸಲಹೆಗಳನ್ನು ಇಲ್ಲಿ ಹಾಗೇ ಪಾಲಿಸಿದರೆ ಚಿತ್ರ ಕೆಡುತ್ತದೆ.

ಯಂತ್ರದ ವಿವರ ಮೊದಲು. 50 ಮಿ.ಮೀ. ಮಸೂರ, 250 ಮಿ.ಮೀ. ಫೋಕಲ್ ಲೆಂತ್, ಸೋನಿ ಐಎಂಎಕ್ಸ್462 ಸೆನ್ಸರ್, 1920×1080 ಪಿಕ್ಸೆಲ್. ತೂಕ ಸುಮಾರು 2.5 ಕೆ.ಜಿ. ಕಣ್ಣಿಟ್ಟು ನೋಡುವ ಐಪೀಸ್ ಇಲ್ಲವೇ ಇಲ್ಲ. ಎಲ್ಲವೂ ಮೊಬೈಲ್ ಪರದೆಯಲ್ಲೇ. ಹತ್ತು ಸೆಕೆಂಡಿನಂಥ ಕಿರು ಎಕ್ಸ್‌ಪೋಶರ್‌ಗಳನ್ನು (ಫ್ರೇಮ್) ಒಂದರ ಮೇಲೊಂದು ಪೇರಿಸಿ ಯಂತ್ರವೇ ಚಿತ್ರ ಮಾಡುತ್ತದೆ. ಒಂದು ಪಿಕ್ಸೆಲ್‌ಗೆ ಆಕಾಶದ 2.4 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್) ಬೀಳುತ್ತದೆ. ಸುಮಾರು 940 ಕಿ.ಮೀ. ಅಡ್ಡಳತೆಯ ಸೆರೆಸ್ ಭೂಮಿಗೆ ಹತ್ತಿರ ಬಂದಾಗಲೂ ಒಂದು ಆರ್ಕ್‌ಸೆಕೆಂಡ್ ದಾಟುವುದಿಲ್ಲ. ಹಾಗಾಗಿ ಸೆರೆಸ್, ವೆಸ್ಟಾ, ಪಲ್ಲಾಸ್ ಯಾವುದೇ ಆಗಲಿ, ಇದರಲ್ಲಿ ಬರುವುದು ಚುಕ್ಕಿ ಮಾತ್ರ. ನಾಸಾದ ಡಾನ್ ನೌಕೆ ಕಳಿಸಿದಂಥ ಕುಳಿಗಳ ಚಿತ್ರ ಬಯಸುವವರು ಇಲ್ಲೇ ಓದು ನಿಲ್ಲಿಸಬಹುದು.

ಇಲ್ಲಿ ಸಿಗುವುದು ಚುಕ್ಕಿಯ ಓಟ. ಸೂರ್ಯನಿಗೆ ಎದುರು ದಿಕ್ಕಿನಲ್ಲಿರುವಾಗ ಮುಖ್ಯ ಪಟ್ಟಿಯ ಕ್ಷುದ್ರಗ್ರಹವೊಂದು ನಕ್ಷತ್ರಗಳ ನಡುವೆ ಗಂಟೆಗೆ 30ರಿಂದ 40 ಆರ್ಕ್‌ಸೆಕೆಂಡ್ ಸರಿಯುತ್ತದೆ. ಅಂದರೆ 13ರಿಂದ 17 ಪಿಕ್ಸೆಲ್. ಹತ್ತು ಹತ್ತು ನಿಮಿಷದ ಎರಡು ಚಿತ್ರಗಳನ್ನು ಒಂದು ಗಂಟೆಯ ಅಂತರದಲ್ಲಿ ತೆಗೆದು, ಸಿರಿಲ್ ತಂತ್ರಾಂಶದಲ್ಲಿ ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ ಅದಲು ಬದಲು ಮಾಡಿ ನೋಡಿದರೆ ಅದೊಂದೇ ಚುಕ್ಕಿ ಜಿಗಿಯುತ್ತದೆ. ಪೂರ್ತಿ ಒಂದು ಗಂಟೆಯನ್ನು ಒಂದೇ ಚಿತ್ರವಾಗಿ ಪೇರಿಸಿದರೆ ಮಾತ್ರ ಚುಕ್ಕಿ ಸಣ್ಣ ಗೀಟಾಗಿ ಮಸುಕಾಗುತ್ತದೆ, ಮಂದವಾದದ್ದಾದರೆ ಮಾಯವೇ ಆಗಬಹುದು. ಬಿಸಿ ಪಿಕ್ಸೆಲ್‌ಗಳೂ (ಬೆಳಕು ಬೀಳದಿದ್ದರೂ ಹೊಳೆಯುವ ಸೆನ್ಸರ್ ಚುಕ್ಕಿಗಳು) ಹೀಗೇ ಜಿಗಿದಂತೆ ಕಂಡು ಮೋಸ ಮಾಡುತ್ತವೆ. ಅವು ಒಂದೇ ಬಣ್ಣದವು, ಅಂಚು ಚೂಪು. ನಿಜವಾದ ಕಾಯ ಅಕ್ಕಪಕ್ಕದ ನಕ್ಷತ್ರಗಳ ಹಾಗೆ ಎರಡು ಮೂರು ಪಿಕ್ಸೆಲ್ ಹರಡಿಕೊಂಡಿರುತ್ತದೆ.

ಒಳಗಿರುವ ಬೆಳಕು ಮಾಲಿನ್ಯದ ಫಿಲ್ಟರ್ ಕಡ್ಡಾಯವಾಗಿ ಆಫ್ ಇರಲಿ. ಅದು ನೀಹಾರಿಕೆಯ ಎರಡು ಬಣ್ಣಗಳನ್ನಷ್ಟೇ ಒಳಗೆ ಬಿಡುವಂಥದ್ದು. ಕ್ಷುದ್ರಗ್ರಹದಿಂದ ಬರುವುದು ಪ್ರತಿಫಲಿಸಿದ ಬಿಸಿಲು. ಫಿಲ್ಟರ್ ಹಾಕಿದರೆ ಅದರಲ್ಲಿ ಬಹುಪಾಲು ಸೋರಿ ಹೋಗುತ್ತದೆ.

ಈಗ ನೆತ್ತಿಯ ವಿಷಯ. ಈ ಯಂತ್ರ ಸಾಮಾನ್ಯ ಸ್ಥಿತಿಯಲ್ಲಿ ಎಡಬಲ ಮತ್ತು ಮೇಲೆ ಕೆಳಗೆ ಮಾತ್ರ ತಿರುಗುತ್ತದೆ. ಹೀಗೆ ಹಿಂಬಾಲಿಸುವಾಗ ಚಿತ್ರದ ಚೌಕಟ್ಟು ಆಕಾಶಕ್ಕೆ ಹೋಲಿಸಿದರೆ ನಿಧಾನವಾಗಿ ಸುತ್ತುತ್ತಿರುತ್ತದೆ, ನೆತ್ತಿಗೆ ಹತ್ತಿರವಾದಷ್ಟೂ ವೇಗ ಜಾಸ್ತಿ. ಲಂಡನ್ನಿನವರಿಗೆ ಕ್ಷುದ್ರಗ್ರಹಗಳು ಸಾಮಾನ್ಯವಾಗಿ ನೆತ್ತಿಗೆ ಬರುವುದಿಲ್ಲ, ಆದ್ದರಿಂದ ‘ಅತಿ ಎತ್ತರಕ್ಕೆ ಏರಿದಾಗ ತೆಗೆಯಿರಿ’ ಎನ್ನುವ ಸಲಹೆ ಅವರಿಗೆ ಸರಿ. ನಮ್ಮಲ್ಲಿ ಮಳೆ ಮುಗಿದು ಆಕಾಶ ತಿಳಿಯಾಗುವ ಡಿಸೆಂಬರ್, ಜನವರಿಯಲ್ಲಿ ಸೂರ್ಯನ ಎದುರಿಗಿರುವ ಕ್ಷುದ್ರಗ್ರಹಗಳು ವೃಷಭ, ಮಿಥುನದ ಕಡೆ ಇರುತ್ತವೆ. ಡಿಕ್ಲಿನೇಶನ್ (ಆಕಾಶದ ಅಕ್ಷಾಂಶ) +22 ಡಿಗ್ರಿ ಇದ್ದರೆ ಮಧ್ಯರಾತ್ರಿಗೆ 81 ಡಿಗ್ರಿ ಎತ್ತರ, ಬಹುತೇಕ ತಲೆಯ ಮೇಲೇ. ಅಲ್ಲಿ ಬರೀ 10 ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲೂ ಚೌಕಟ್ಟಿನ ಮೂಲೆಯ ನಕ್ಷತ್ರ ಸುಮಾರು 5 ಪಿಕ್ಸೆಲ್ ಎಳೆದುಕೊಳ್ಳುತ್ತದೆ. ಯಂತ್ರ ಅಂಥ ಫ್ರೇಮ್‌ಗಳನ್ನು ಒಂದೊಂದಾಗಿ ತಿರಸ್ಕರಿಸುತ್ತಾ ಕೂರುತ್ತದೆ. ಅದೇ ಕಾಯ ಪೂರ್ವದಲ್ಲಿ 45 ಡಿಗ್ರಿ ಎತ್ತರದಲ್ಲಿದ್ದಾಗ ಎಳೆತ ಅರ್ಧ ಪಿಕ್ಸೆಲ್ಲೂ ಇಲ್ಲ. ನೇರ ಪೂರ್ವ, ನೇರ ಪಶ್ಚಿಮದಲ್ಲಿ ಈ ಸುತ್ತುವಿಕೆ ಸೊನ್ನೆಯಾಗುವುದೇ ಇದಕ್ಕೆ ಕಾರಣ. ಆದ್ದರಿಂದ ಇಲ್ಲಿನ ಲೆಕ್ಕ: ರಾತ್ರಿ 8.30ರಿಂದ 10.45ರವರೆಗೆ ಪೂರ್ವದಲ್ಲಿ ತೆಗೆಯಿರಿ, ಆಮೇಲೆ ಮಲಗಿ. ಇನ್ನೂ ಬೇಕಿದ್ದರೆ 2.15ರ ನಂತರ ಪಶ್ಚಿಮದಲ್ಲಿ.

ಇದಕ್ಕೆ ಪರಿಹಾರವೆಂದು ಕಂಪನಿ ಅಪ್‌ಡೇಟ್ ಮೂಲಕ ಕೊಟ್ಟಿರುವ ಇಕ್ವಟೋರಿಯಲ್ ವಿಧಾನ ನಮ್ಮ ಅಕ್ಷಾಂಶದಲ್ಲಿ ಅರ್ಧ ಪರಿಹಾರವಷ್ಟೇ. ಯಂತ್ರದ ಅಕ್ಷ ಧ್ರುವದ ಕಡೆ ಮುಖ ಮಾಡಬೇಕು. ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮೇಲಷ್ಟೇ ಇರುವುದರಿಂದ ಯಂತ್ರವನ್ನು 77 ಡಿಗ್ರಿ ವಾಲಿಸಬೇಕು, ಹೆಚ್ಚುಕಡಿಮೆ ಮಲಗಿಸಿದ ಹಾಗೆ. ಜೊತೆಗೆ ಬರುವ ಪುಟ್ಟ ಟ್ರೈಪಾಡ್ ಮೇಲೆ ಇದನ್ನು ಮಾಡಲು ಹೋದರೆ ಇಡೀ ಸೆಟ್ ಉತ್ತರಕ್ಕೆ ಮಗುಚುತ್ತದೆ. ಗಟ್ಟಿ ಟ್ರೈಪಾಡ್, ವಾಲಿಸುವ ವೆಜ್ ಬೇರೆ ಕೊಳ್ಳಬೇಕು. ಒಂದು ಕಾಲು ಸರಿಯಾಗಿ ಉತ್ತರಕ್ಕೆ ಬರುವಂತೆ ಊರಿ, ನಡುವೆ ಮೂರು ನಾಲ್ಕು ಕೆ.ಜಿ. ಮರಳಿನ ಚೀಲ ತೂಗುಹಾಕಬೇಕು. ಸಿಲ್ವರ್ ಓಕ್ ಮರಗಳ ಹಿಂದೆ ಧ್ರುವ ನಕ್ಷತ್ರ ಮರೆಯಾಗಿದ್ದರೆ ಚಿಂತೆಯಿಲ್ಲ, ಯಂತ್ರ ಬೇರೆ ಕಡೆಯ ನಕ್ಷತ್ರಗಳನ್ನು ನೋಡಿಯೇ ಎಷ್ಟು ತಪ್ಪಿದೆ ಎಂದು ಹೇಳುತ್ತದೆ. ಹತ್ತು ಸೆಕೆಂಡಿನ ಫ್ರೇಮ್‌ಗಳೇ ಸಾಕೆನ್ನುವವರಿಗೆ ಈ ಸರ್ಕಸ್ ಬೇಕಿಲ್ಲ.

ಆ್ಯಪ್‌ನ ಪಟ್ಟಿಯಲ್ಲಿ ಪ್ರಮುಖ ಕ್ಷುದ್ರಗ್ರಹ, ಧೂಮಕೇತುಗಳಿವೆ. ಪಟ್ಟಿಯಲ್ಲಿಲ್ಲದ್ದಕ್ಕೆ ನಾಸಾದ ಜೆಪಿಎಲ್ ಹೊರೈಜನ್ಸ್ ಜಾಲತಾಣದಿಂದ ಸ್ಥಾನ ತೆಗೆದು ಕೈಯಾರೆ ತುಂಬಬೇಕು. ಎರಡು ಕಡೆ ಎಡವುವುದು ಸಾಮಾನ್ಯ. ಒಂದು, ಅಲ್ಲಿನ ಸಮಯ ಯುಟಿ, ಅಂದರೆ ಜಾಗತಿಕ ಸಮಯ; ನಮ್ಮ ಗಡಿಯಾರದಿಂದ 5 ಗಂಟೆ 30 ನಿಮಿಷ ಕಳೆಯಬೇಕು. ಮರೆತರೆ ಮುಖ್ಯ ಪಟ್ಟಿಯ ಕಾಯ ಮೂರು ಆರ್ಕ್‌ಮಿನಿಟ್ (ಡಿಗ್ರಿಗೆ 60) ಪಕ್ಕಕ್ಕೆ ಹೋದರೂ ಚೌಕಟ್ಟಿನೊಳಗೇ ಇರುತ್ತದೆ. ಗಂಟೆಗೆ ಒಂದು ಡಿಗ್ರಿ ಓಡುವ ಭೂಸಮೀಪದ ಕಲ್ಲಾದರೆ ಐದೂವರೆ ಡಿಗ್ರಿ ದೂರ ಹೋಗಿ ಕೈಗೇ ಸಿಗುವುದಿಲ್ಲ. ಎರಡು, ಆ್ಯಪ್‌ಗೆ ಬೇಕಾದದ್ದು ಜೆ2000 ಸ್ಥಾನ, ಅಂದರೆ 2000ನೇ ಇಸವಿಯ ಆಕಾಶ ನಕ್ಷೆಗೆ ಹೊಂದುವ ಅಂಕಿ. ಇಂದಿನ ದಿನಾಂಕದ ಸ್ಥಾನ ತುಂಬಿದರೆ 20 ಆರ್ಕ್‌ಮಿನಿಟ್‌ಗೂ ಹೆಚ್ಚು ವ್ಯತ್ಯಾಸ. ಚೌಕಟ್ಟಿನ ಕಿರಿಯ ಬದಿಯೇ 43 ಆರ್ಕ್‌ಮಿನಿಟ್ ಇರುವಾಗ ನಿಮ್ಮ ಗುರಿ ಅಂಚಿಗೆ ತಾಗಿ ನಿಲ್ಲುತ್ತದೆ ಅಥವಾ ಹೊರಗೇ ಉಳಿಯುತ್ತದೆ.

ಧೂಮಕೇತುಗಳ ವಿಷಯದಲ್ಲಿ ಈ ಯಂತ್ರದ ಸ್ವಯಂಚಾಲಿತ ಪೇರಿಸುವಿಕೆ ನನಗೆ ಒಪ್ಪಿಗೆಯಿಲ್ಲ. ಅದು ನಕ್ಷತ್ರಗಳನ್ನು ಹಿಡಿದು ಪೇರಿಸುತ್ತದೆ, ಧೂಮಕೇತುವಿನ ತಲೆ ಮಸುಕಾದ ಪಟ್ಟಿಯಾಗಿ ಬಿಡುತ್ತದೆ. ಪ್ರತಿ ಫ್ರೇಮನ್ನೂ ಉಳಿಸುವ ಆಯ್ಕೆಯನ್ನು ಮೊದಲೇ ಆನ್ ಮಾಡಿ, ಫಿಟ್ಸ್ (ಖಗೋಳ ಚಿತ್ರಗಳ ಮೂಲ ರೂಪ) ಕಡತಗಳನ್ನು ಲ್ಯಾಪ್‌ಟಾಪಿಗೆ ತಂದು ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಧೂಮಕೇತುವಿನ ತಲೆಯನ್ನೇ ಗುರುತಾಗಿಟ್ಟು ಪೇರಿಸಬೇಕು. ಒಂದು ಕಡತ ಸುಮಾರು 4 ಎಂಬಿ. ಗಂಟೆಗೆ ಸುಮಾರು ಒಂದೂವರೆ ಜಿಬಿ. ಒಳಗೆ 64 ಜಿಬಿ ಜಾಗವಿದೆ. 2024ರ ಅಕ್ಟೋಬರ್‌ನಲ್ಲಿ ಬಂದ ತ್ಸುಚಿನ್‌ಶಾನ್–ಅಟ್ಲಾಸ್‌ನಂಥ ಉದ್ದ ಬಾಲದ ಧೂಮಕೇತುವಿಗೆ 1.27×0.72 ಡಿಗ್ರಿಯ ಚೌಕಟ್ಟು ಚಿಕ್ಕದೇ. ಅಂಥದ್ದಕ್ಕೆ ಸಾಮಾನ್ಯ ಕ್ಯಾಮೆರಾ, 50 ಮಿ.ಮೀ. ಲೆನ್ಸ್ ವಾಸಿ.

ಪ್ಲೂಟೊ? ಸಿಗುತ್ತದೆ, ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಂದ) 14.4 ಇದರ ಮಿತಿಯೊಳಗಿನದೇ. ತೊಡಕು ಏನೆಂದರೆ ಅದು ಸೂರ್ಯನಿಗೆ ಎದುರಾಗುವುದು ಜುಲೈ ಕೊನೆಯಲ್ಲಿ, ಮಲೆನಾಡಿನಲ್ಲಿ ಸೂರ್ಯನೇ ಕಾಣದ ಹೊತ್ತು. ಅಕ್ಟೋಬರ್ ಮಧ್ಯದಲ್ಲಿ ಅದು ನಕ್ಷತ್ರಗಳ ನಡುವೆ ನಿಂತೇ ಬಿಟ್ಟಿರುತ್ತದೆ, ಚಲನೆ ತೋರಿಸಲು ಆಗದು. ನವೆಂಬರ್ ಮಧ್ಯದಲ್ಲಿ ಸಂಜೆ 7ಕ್ಕೆ ನೈರುತ್ಯದಲ್ಲಿ 45 ಡಿಗ್ರಿ ಎತ್ತರದಲ್ಲಿರುತ್ತದೆ, ದಿನಕ್ಕೆ ಸುಮಾರು 20 ಪಿಕ್ಸೆಲ್ ಸರಿಯುತ್ತದೆ. ಎರಡು ಸಂಜೆ, ತಲಾ ಒಂದು ಗಂಟೆ.

ಜಾಗದ ಆಯ್ಕೆಯಲ್ಲಿ ಮುಳ್ಳಯ್ಯನಗಿರಿಯ ಆಸೆ ಬಿಡಿ. 1930 ಮೀಟರ್ ಎತ್ತರದ ಗಾಳಿಗೆ ಈ ಹಗುರ ಯಂತ್ರ ನಡುಗುತ್ತದೆ. ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಆಕಾಶ ಕತ್ತಲೆ, ಆದರೆ ನಡುರಾತ್ರಿ ಕಳೆದರೆ ಮಂಜು. ಕಡೂರು, ಅರಸೀಕೆರೆಯ ಬಯಲಿನಲ್ಲಿ ತೇವ ಕಡಿಮೆ, ದಿಗಂತವೂ ತೆರೆದದ್ದು. ಕ್ಷುದ್ರಗ್ರಹದ ಕೆಲಸಕ್ಕೆ ನನ್ನ ಮತ ಅಲ್ಲಿಗೇ. ತೋಟದ ಮನೆಯ ಕಾಫಿ ಕಣ ಸಮತಟ್ಟಾಗಿದ್ದು ಟ್ರೈಪಾಡ್‌ಗೆ ಹೇಳಿ ಮಾಡಿಸಿದ ಜಾಗ, ಆದರೆ ಡಿಸೆಂಬರ್‌ನಿಂದ ಅಲ್ಲಿ ಹಣ್ಣು ಹರಡಿರುತ್ತಾರೆ. ಕಾರು, ತಗಡಿನ ಶೀಟಿನ ಪಕ್ಕ ಇಟ್ಟರೆ ಒಳಗಿನ ದಿಕ್ಸೂಚಿ ತಪ್ಪು ತೋರಿಸುತ್ತದೆ. ಇಬ್ಬನಿ ಬೀಳುವ ಮುಂಚೆಯೇ ಹೀಟರ್ ಹಾಕಿ. ಅದು ಬ್ಯಾಟರಿ ತಿನ್ನುವುದರಿಂದ ಟೈಪ್‌-ಸಿ ಪವರ್ ಬ್ಯಾಂಕ್ ಜೊತೆಗಿರಲಿ.

ಕನ್ಯಾ ಅಥವಾ ಮೀನ ರಾಶಿಯ ಕಡೆ, ಡಿಕ್ಲಿನೇಶನ್ −2 ಡಿಗ್ರಿಯ ಆಸುಪಾಸು ತೆಗೆದ ಫ್ರೇಮ್‌ಗಳಲ್ಲಿ 60 ಪಿಕ್ಸೆಲ್ ಉದ್ದದ ನೇರ ಗೀಟುಗಳು ಬಂದರೆ ಹೊಸ ಕ್ಷುದ್ರಗ್ರಹ ಸಿಕ್ಕಿತೆಂದು ಹಿಗ್ಗಬೇಡಿ. ಅವು ಭೂಮಿಯ ಜೊತೆಗೇ ಸುತ್ತುವ ಭೂಸ್ಥಿರ ಉಪಗ್ರಹಗಳು; ಯಂತ್ರ ನಕ್ಷತ್ರಗಳನ್ನು ಹಿಂಬಾಲಿಸುವುದರಿಂದ ಗೀಟಾಗುತ್ತವೆ. ಅವುಗಳಲ್ಲಿ ಒಂದೆರಡನ್ನು ನಿಯಂತ್ರಿಸುತ್ತಿರುವುದು ಹಾಸನದ ಇಸ್ರೋ ಕೇಂದ್ರವೇ ಇರಬಹುದು!

ಕೊಳ್ಳುವುದಾದರೆ ಜಿಎಸ್‌ಟಿ ಬಿಲ್, ಭಾರತದಲ್ಲೇ ವಾರಂಟಿ ಕೊಡುವ ಮಾರಾಟಗಾರರಿಂದ ಕೊಳ್ಳಿ. ಸೆನ್ಸರ್ ಕೆಟ್ಟರೆ ಊರಿನಲ್ಲಿ ರಿಪೇರಿಯಾಗುವ ವಸ್ತುವಲ್ಲ. ಮಕ್ಕಳಿಗೆ ಶನಿಯ ಬಳೆ ತೋರಿಸುವ ಉದ್ದೇಶವಿದ್ದರೆ ಇದು ಬೇಡವೇ ಬೇಡ, 6 ಅಥವಾ 8 ಇಂಚಿನ ಡಾಬ್ಸೋನಿಯನ್ (ಕಣ್ಣಿಟ್ಟು ನೋಡುವ ಕನ್ನಡಿ ದೂರದರ್ಶಕ) ನೋಡಿ.