ಒಮ್ಮತ, ಬಹುಮತ, ಸಮ್ಮತಿ: ಕೋಹೌಸಿಂಗ್ ಸಭೆಗೆ ಜನ ಬರುವುದು ಯಾವುದರಿಂದ?

ಪ್ರತಿ ಕುಟುಂಬಕ್ಕೂ ತನ್ನದೇ ಬಾಗಿಲು, ತನ್ನದೇ ಅಡುಗೆಮನೆ. ಊಟದ ಹಜಾರ, ಬಟ್ಟೆ ಒಗೆಯುವ ಕೋಣೆ, ಅಂಗಳ ಮಾತ್ರ ಎಲ್ಲರದ್ದು. ಕೋಹೌಸಿಂಗ್‌ನ ಏರ್ಪಾಟು ಇಷ್ಟು ಸರಳ. 1972ರಲ್ಲಿ ಡೆನ್ಮಾರ್ಕ್‌ನ ಸೆಟ್ಟೆಡಾಮೆನ್‌ನಲ್ಲಿ 27 ಮನೆಗಳ ಸಮೂಹ ತಲೆಯೆತ್ತಿದಾಗಿನಿಂದಲೂ ಇದರ ಜೀವಾಳ ಒಂದೇ: ವಾಸಿಸುವವರೇ ಕೂತು ತೀರ್ಮಾನ ಮಾಡಬೇಕು. ಹಾಗಾಗಿ ಸಭೆಯಲ್ಲಿ ಕುರ್ಚಿಗಳು ಖಾಲಿಯಾಗತೊಡಗಿದರೆ ನನಗೆ ಗಾಬರಿಯಾಗುತ್ತದೆ. ಇಂದು ಸಭೆಗೆ ಬಾರದವರು ನಾಳೆ ಅಡುಗೆ ಸರದಿಗೂ ಬರುವುದಿಲ್ಲ, ಆಮೇಲೆ ಊಟಕ್ಕೂ ಬರುವುದಿಲ್ಲ.

ನಮ್ಮ ಗುಂಪು ತೀರ್ಮಾನದ ಮೂರು ಪದ್ಧತಿಗಳನ್ನೂ ಬಳಸಿ ನೋಡಿದೆ. ಯಾವುದು ನ್ಯಾಯ, ಯಾವುದು ಬೇಗ ಮುಗಿಯುತ್ತದೆ ಎಂಬ ಚರ್ಚೆ ಬೇಕಾದಷ್ಟು ಆಗಿದೆ. ಯಾವುದು ಜನರನ್ನು ಮತ್ತೆ ಮತ್ತೆ ಕರೆತರುತ್ತದೆ ಎಂಬುದಷ್ಟೇ ಇಲ್ಲಿ ನನ್ನ ಅಳತೆಗೋಲು.

ಮೊದಲಿಗೆ ಪೂರ್ಣ ಒಮ್ಮತ. ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮತ ಎಣಿಸದೆ ಸಭೆ ನಡೆಸುತ್ತಾ ಬಂದವರು. ಬಹಳಷ್ಟು ಕೋಹೌಸಿಂಗ್ ಗುಂಪುಗಳು ಒಮ್ಮತದ ಹಾದಿ ಹಿಡಿದದ್ದರ ಹಿಂದೆ ಆ ಸಂಪ್ರದಾಯದ ಪ್ರಭಾವವಿದೆ. ಸಭೆಯಲ್ಲಿ ಬಣ್ಣದ ಚೀಟಿಗಳಿರುತ್ತವೆ. ಹಸಿರು ಎತ್ತಿದರೆ ಒಪ್ಪಿಗೆ, ಹಳದಿ ಎತ್ತಿದರೆ ಅನುಮಾನ, ಕೆಂಪು ಎತ್ತಿದರೆ ತಡೆ. ಜಾಗ ಕೊಳ್ಳುವ ಹೊತ್ತಿನಲ್ಲಿ ಈ ಪದ್ಧತಿ ನಮ್ಮನ್ನು ಕಾಪಾಡಿತು ಎಂದೇ ನನ್ನ ನಂಬಿಕೆ. ಜೀವಮಾನದ ಉಳಿತಾಯ ಹಾಕುವವರಿಗೆ ತಮ್ಮ ಆತಂಕವನ್ನು ಕೊನೆಯವರೆಗೂ ಕೇಳಿಸಿಕೊಂಡರು ಎಂಬ ಭರವಸೆ ಬೇಕು, ಅದು ಸಿಕ್ಕಿತು. ಆದರೆ ಕಸದ ಡಬ್ಬಿ ಎಲ್ಲಿಡಬೇಕು ಎಂಬುದಕ್ಕೂ ಅದೇ ಚೀಟಿ, ಅದೇ ದೀರ್ಘ ಸಂಜೆ ಎಂದಾದಾಗ ಮೊದಲು ಎದ್ದು ಹೋಗುವವರು ಎಳೆಯ ಮಕ್ಕಳ ತಾಯಂದಿರು, ಬೆನ್ನುನೋವಿರುವ ಹಿರಿಯರು, ಬೆಳಗಿನ ಪಾಳಿಗೆ ಹೋಗುವವರು. ಉಳಿಯುವವರು ಹೆಚ್ಚು ಹೊತ್ತು ಕೂರಬಲ್ಲವರು. ಹಾಗೆ ಹುಟ್ಟಿದ ಒಮ್ಮತವನ್ನು ಎಲ್ಲರ ಒಮ್ಮತ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬಹುಮತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೈ ಎತ್ತಿದರೆ ಮುಗಿಯಿತು. ಗೋಡೆಗೆ ಯಾವ ಬಣ್ಣ ಎಂಬಂಥ ಪ್ರಶ್ನೆಗೆ ಅದೇ ಸಾಕು. ಅಂಗಳದಲ್ಲಿ ನಾಯಿಗಳನ್ನು ಬಿಡಬಹುದೇ ಎಂಬುದನ್ನು ಮತಕ್ಕೆ ಹಾಕಿದಾಗ ಮಾತ್ರ ಅದರ ಬೆಲೆ ತಿಳಿಯಿತು. ಸ್ವಲ್ಪ ಅಂತರದಲ್ಲಿ ಪ್ರಸ್ತಾಪ ಗೆದ್ದಿತು. ಸೋತವರು ಅಂಗಳ ಗುಡಿಸುವ ದಿನ ಮನೆಯಿಂದ ಹೊರಗೇ ಬರಲಿಲ್ಲ. ಎದುರುಬದುರು ಮನೆಗಳಲ್ಲಿ ಬದುಕುವವರ ನಡುವೆ ಸೋಲು ಬಹಳ ಕಾಲ ಉಳಿಯುತ್ತದೆ.

ಮೂರನೆಯದು ಸಮ್ಮತಿಯ ವೃತ್ತಗಳು, ಅಂದರೆ ಸೋಸಿಯೋಕ್ರಸಿ. ನೆದರ್‌ಲ್ಯಾಂಡ್ಸ್‌ನ ಕೇಸ್ ಬೂಕೆ ತಮ್ಮ ಶಾಲೆಯಲ್ಲಿ ಇದನ್ನು ಬೆಳೆಸಿದರು. ಅಲ್ಲೇ ಓದಿದ ಗೆರಾರ್ಡ್ ಎಂಡೆನ್‌ಬರ್ಗ್ ತಮ್ಮ ಎಲೆಕ್ಟ್ರಿಕಲ್ ಕಂಪನಿಯಲ್ಲಿ ಅದಕ್ಕೊಂದು ಕಟ್ಟುನಿಟ್ಟಾದ ರೂಪ ಕೊಟ್ಟರು. ಊಟಕ್ಕೊಂದು, ದುರಸ್ತಿಗೊಂದು, ಹಣಕಾಸಿಗೊಂದು ಎಂದು ಐದಾರು ಜನರ ವೃತ್ತ. ‘ಇದು ನಿಮಗೆ ಇಷ್ಟವೇ?’ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ‘ಇದರಿಂದ ನಮ್ಮ ಉದ್ದೇಶಕ್ಕೆ ಧಕ್ಕೆಯಾಗುತ್ತದೆಯೇ?’ ಎಂದು ಕೇಳುತ್ತಾರೆ. ಆಕ್ಷೇಪ ಎತ್ತಿದವರು ಕಾರಣವನ್ನೂ ಕೊಡಬೇಕು.

ಬಟ್ಟೆ ಒಗೆಯುವ ಯಂತ್ರಗಳನ್ನು ರಾತ್ರಿ 9ಕ್ಕೆ ನಿಲ್ಲಿಸಬೇಕು ಎಂಬ ಪ್ರಸ್ತಾಪ ಬಂದಿತ್ತು. ಸರದಿಯ ಪ್ರಕಾರ ಒಬ್ಬೊಬ್ಬರೇ ಮಾತನಾಡಿದರು, ನಡುವೆ ಬಾಯಿ ಹಾಕುವಂತಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಬ್ಬರು, ತಾನು ಮನೆಗೆ ಬರುವುದೇ 10ಕ್ಕೆ, ಮರುದಿನದ ಸಮವಸ್ತ್ರ ಒಗೆಯಲೇಬೇಕು ಎಂದರು. ಪಕ್ಕದಲ್ಲಿ ಕೂತಿದ್ದ ಹಿರಿಯರು ದೊಡ್ಡ ಸಭೆಗಳಲ್ಲಿ ಎಂದೂ ತುಟಿ ಬಿಚ್ಚಿದವರಲ್ಲ. ಸರದಿ ಬಂದಾಗ ಮೆಲ್ಲಗೆ ಹೇಳಿದರು: ‘ನನಗೆ ತೊಂದರೆ ಒಗೆಯುವುದರಿಂದಲ್ಲ. ಕೊನೆಯಲ್ಲಿ ಬಟ್ಟೆ ಹಿಂಡುವಾಗ ನನ್ನ ಹಾಸಿಗೆಯ ಗೋಡೆ ನಡುಗುತ್ತದೆ.’ ಸಮಸ್ಯೆ ಇದ್ದದ್ದು ಆ ಗೋಡೆಗೆ ತಾಗಿದ ಯಂತ್ರದಲ್ಲಿ. ಎದುರು ಬದಿಯ ಒಂದು ಯಂತ್ರವನ್ನು 11ರವರೆಗೆ ಓಡಿಸುವುದು, ಮೂರು ತಿಂಗಳ ನಂತರ ಮತ್ತೆ ನೋಡುವುದು ಎಂದಾಯಿತು. ಮರುಪರಿಶೀಲನೆಯ ದಿನಾಂಕವನ್ನು ಬಾಗಿಲ ಮೇಲೆ ಅಂಟಿಸಿದೆವು. ಆ ಹಿರಿಯರು ಈಗ ಪ್ರತಿ ಸಲವೂ ಬರುತ್ತಾರೆ. ತಾನು ಆಡಿದ ಮಾತಿನಿಂದ ಒಂದು ವಸ್ತು ಬದಲಾದದ್ದನ್ನು ಕಣ್ಣಾರೆ ಕಂಡವರನ್ನು ಮತ್ತೆ ಕರೆಯುವ ಅಗತ್ಯವೇ ಬೀಳುವುದಿಲ್ಲ.

ವೃತ್ತಗಳಿಗೂ ಕುಂದುಗಳಿವೆ. ಪದ್ಧತಿಯ ಪರಿಭಾಷೆ ಹೊಸಬರನ್ನು ಬೆದರಿಸುತ್ತದೆ. ಹಣಕಾಸಿನ ವೃತ್ತದಲ್ಲಿ ಅದೇ ಮುಖಗಳು ವರ್ಷಗಟ್ಟಲೆ ಕೂತರೆ ಉಳಿದವರಿಗೆ ಏನು ನಡೆಯುತ್ತಿದೆ ಎಂಬುದೇ ತಿಳಿಯದು. ಇದಕ್ಕೆ ಎಂಡೆನ್‌ಬರ್ಗ್ ಪದ್ಧತಿಯಲ್ಲೇ ಪರಿಹಾರವಿದೆ: ಪ್ರತಿ ವೃತ್ತದಿಂದ ಇಬ್ಬರು, ಎಲ್ಲ ವೃತ್ತಗಳನ್ನೂ ಜೋಡಿಸುವ ಮೇಲಿನ ವೃತ್ತದಲ್ಲಿ ಕೂರುತ್ತಾರೆ, ಮುಂದಾಳು ಒಬ್ಬರು, ವೃತ್ತವೇ ಆರಿಸಿ ಕಳಿಸಿದವರು ಇನ್ನೊಬ್ಬರು. ಈ ಎರಡನೆಯ ಕೊಂಡಿಯನ್ನು ಜನ ಕಡಿಮೆ ಎಂಬ ನೆಪ ಹೇಳಿ ಕೈಬಿಡುವುದು ಸುಲಭ. ದಯವಿಟ್ಟು ಬಿಡಬೇಡಿ, ಮುಂದಾಳು ಹೇಳದೆ ಉಳಿಸಿದ್ದು ಮೇಲಕ್ಕೆ ತಲುಪುವ ದಾರಿ ಅದೊಂದೇ.

ನನ್ನ ಆಯ್ಕೆ ಸಮ್ಮತಿಯ ವೃತ್ತಗಳೇ. ಆದರೆ ಮೂರು ವಿಷಯಗಳನ್ನು ಪೂರ್ಣ ಒಮ್ಮತಕ್ಕೆ ಬಿಡಬೇಕು ಎಂದು ಹಟ ಹಿಡಿಯುತ್ತೇನೆ: ಹೊಸ ಸದಸ್ಯರ ಸೇರ್ಪಡೆ, ಸಾಲ, ಕಟ್ಟಡದ ಬದಲಾವಣೆ. ಹೊಸದಾಗಿ ಗುಂಪು ಕಟ್ಟುತ್ತಿರುವವರು ಈ ವಿಂಗಡಣೆಯನ್ನು ಜಾಗ ಹುಡುಕುವ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸಭೆಯ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಸರದಿ ಯಾರದ್ದು ಎಂಬುದನ್ನೂ ಅದೇ ಹಾಳೆಯಲ್ಲಿ ಸೇರಿಸಿ. ಅದು ತೀರ್ಮಾನವಾಗದಿದ್ದರೆ ಯಾವ ಪದ್ಧತಿ ಆರಿಸಿಕೊಂಡರೂ ಪುಟ್ಟ ಮಕ್ಕಳ ತಂದೆತಾಯಿ ಸಭೆಗೆ ಬರಲಾರರು.